ಇನ್ನಾಸಣ್ಣನೂ ಫಾದರ್ ತಂದ ಎಣ್ಣೆಯೂ

ನಮ್ಮೂರಿನಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಊರವರೆಲ್ಲ ನೋಡಿಕೊಂಡು ಹೋಗಲು ಬರುತ್ತಾರೆ. ಬಾಳೆಹಣ್ಣು ತರುತ್ತಾರೆ, ಬ್ರೆಡ್ಡು ತರುತ್ತಾರೆ, ಅದೇ ಕಾಯಿಲೆಯಲ್ಲಿ ಸತ್ತ ತಮ್ಮ ನೆಂಟರ ಕಥೆಯನ್ನೂ ತರುತ್ತಾರೆ. ಇನ್ನಾಸಣ್ಣ ಒಬ್ಬನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಹಾಸಿಗೆ ಹಿಡಿದವರೂ ಧಡಕ್ಕನೆ ಎದ್ದು ಕೂತು, "ನಂಗೇನೂ ಆಗಿಲ್ಲ ಕಣಪ್ಪ, ಗಟ್ಟಿಯಾಗಿವ್ನಿ, ನೀನು ಮೊದ್ಲು ಹೊಂಟೋಗು" ಅನ್ನುತ್ತಿದ್ದರು.

ಅದಕ್ಕೆ ಕಾರಣವಿತ್ತು. ನಮ್ಮ ಹುಣಸೆಮರದದೊಡ್ಡಿ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಗೆ ಹತ್ತಿರದ ಸಣ್ಣ ಊರು. ಅರ್ಧ ಮನೆಗಳು ಕಥೋಲಿಕರವು, ಅರ್ಧ ನಮ್ಮವು. ರಾಗಿ, ರೇಷ್ಮೆ, ಹಸು, ಬೇಲಿಜಗಳ ಎಲ್ಲ ಇಬ್ಬರಿಗೂ ಒಂದೇ. ಅವರು ಭಾನುವಾರ ಚರ್ಚಿಗೆ ಹೋಗುತ್ತಾರೆ, ನಾವು ಸೋಮವಾರ ಬೀರಪ್ಪನ ಗುಡಿಗೆ ಹೋಗುತ್ತೇವೆ. ಅವರಲ್ಲಿ ಒಂದು ಪದ್ಧತಿಯುಂಟು. ಯಾರಾದರೂ ಕಾಯಿಲೆಯಲ್ಲಿ ಮಲಗಿದರೆ ಫಾದರು ಮನೆಗೆ ಬಂದು ಪ್ರಾರ್ಥನೆ ಮಾಡಿ, ಹಣೆಗೂ ಎರಡು ಅಂಗೈಗೂ ಮಂತ್ರಿಸಿದ ಎಣ್ಣೆ ಹಚ್ಚುತ್ತಾರೆ. ಪದ್ಧತಿಯೇನೋ ಚೆನ್ನಾಗಿಯೇ ಇದೆ. ಆದರೆ ನಮ್ಮೂರಿನವರು ಫಾದರನ್ನು ಕರೆಯುತ್ತಿದ್ದದ್ದು ಯಾವಾಗ? ಡಾಕ್ಟರು ಕೈಬಿಟ್ಟು, ನಾಟಿ ಔಷಧಿಯವನು ಕೈಬಿಟ್ಟು, ಗಂಟಲಲ್ಲಿ ಗೊರಗೊರ ಶುರುವಾದ ಮೇಲೆ. ಫಾದರು ಎಣ್ಣೆ ಹಚ್ಚಿ ಹೊಸಿಲು ದಾಟುವಷ್ಟರಲ್ಲಿ ಆಸಾಮಿ ಅವರಿಗಿಂತ ಮೊದಲೇ ಹೊರಟುಬಿಟ್ಟಿರುತ್ತಿದ್ದ.

ಹಿಂದೆ ಫಾದರುಗಳು ನಡೆದುಕೊಂಡೇ ಊರೂರು ತಿರುಗುತ್ತಿದ್ದ ಕಾಲದಲ್ಲಿ ಅವರ ಮುಂದೆ ಒಬ್ಬರು ಕೈಗಂಟೆ ಬಾರಿಸುತ್ತಾ ನಡೆಯಬೇಕಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲೇ ಆ ಗಂಟೆ ಇನ್ನಾಸಣ್ಣನ ಕೈಗೆ ಬಂತು. ಗಂಟೆ ಯಾವ ಬೀದಿಗೆ ತಿರುಗುತ್ತದೋ ಆ ಬೀದಿಯವರು ಸಾವಿನ ಚಪ್ಪರಕ್ಕೆ ಗಳ ಹುಡುಕಲು ಶುರು ಮಾಡುತ್ತಿದ್ದರು. ನಮ್ಮತ್ತೆ ಮಾಯಮ್ಮನವರು ಸೆರಗು ಬಿಗಿದು ತಯಾರಾಗುತ್ತಿದ್ದರು. ಅವರ ವಿಚಾರವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸುತ್ತಮುತ್ತಲ ಊರುಗಳಲ್ಲಿ ನಮ್ಮತ್ತೆಯಷ್ಟು ಚೆನ್ನಾಗಿ ಅಳುವವರಿಲ್ಲ. ಜಾತಿಮತ ನೋಡುವುದಿಲ್ಲ, ಬದುಕಿದ್ದಾಗ ಮಾತು ಬಿಟ್ಟವರಿಗೂ ಅಳುತ್ತಾರೆ. ಅವರು ಎದೆ ಬಡಿದುಕೊಂಡು ಒಂದು ಎಳೆ ಎಳೆದರೆಂದರೆ ಸತ್ತವನ ಮೇಲೆ ಸಾಲದ ತಕರಾರು ಇಟ್ಟುಕೊಂಡವರ ಕಣ್ಣಲ್ಲೂ ನೀರು ಬರುತ್ತದೆ.

ಇನ್ನಾಸಣ್ಣನ ಅಪ್ಪ, ಅವ್ವ, ಅಣ್ಣ ಮೂವರೂ ಅವನೇ ಮುಂದೆ ನಡೆದು ಕರೆತಂದ ಫಾದರ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಫಾದರಿಗೆ ಬುಲೆಟ್ ಗಾಡಿ ಬಂತು, ಗಂಟೆಯವನ ಕೆಲಸ ನಿಂತುಹೋಯಿತು. ಎಣ್ಣೆ ಬಂದರೆ ಆಳು ಉಳಿಯುವುದಿಲ್ಲ ಅನ್ನುವ ನಂಬಿಕೆ ಮಾತ್ರ ಅವನ ತಲೆಯೊಳಗೆ ಮೊಳೆ ಹೊಡೆದಂತೆ ನಿಂತಿತ್ತು. ಅದನ್ನು ಅವನು ಯಾರ ಮುಂದೆಯೂ ಹೇಳಿದವನಲ್ಲ. ಊರವರು ತನ್ನನ್ನು ಕಂಡು ಎದ್ದು ಕೂರುವುದನ್ನು ನೋಡಿ ನಗುತ್ತಿದ್ದ, ಅಷ್ಟೇ.

ನಾನು ಕುಸುಮ, ಅವನ ಎದುರು ಮನೆಯವಳು. ಹೊಲಿಗೆ ಕೆಲಸ ಮಾಡುತ್ತೇನೆ. ಮಿಷನ್ನನ್ನು ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿರುವುದರಿಂದ ಎದುರು ಮನೆಯ ಸಂಸಾರ ನನಗೆ ಗೊತ್ತಿಲ್ಲದೆ ನಡೆಯುವುದು ಕಷ್ಟ.

ಎರಡು ಸಾವಿರದ ಇಸವಿ ಕಳೆದ ಮೇಲೆ ಹಾರೋಹಳ್ಳಿಯ ಕಡೆ ರಾಗಿ ಹೊಲಗಳೆಲ್ಲ ಕಾಂಪೌಂಡುಗಳಾದವು. ಕಾಂಪೌಂಡಿಗೊಂದು ಗೇಟು, ಗೇಟಿಗೊಬ್ಬ ವಾಚ್‌ಮನ್. ಇನ್ನಾಸಣ್ಣ ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯೊಂದರ ಗೇಟಿಗೆ ಸೇರಿಕೊಂಡ. ಅವರು ಕೊಟ್ಟ ನೀಲಿ ಪ್ಯಾಂಟಿನೊಳಗೆ ಇನ್ನೊಬ್ಬ ಇನ್ನಾಸಣ್ಣ ಹಿಡಿಸುತ್ತಿದ್ದ. ನಾನೇ ಅದನ್ನು ಬಿಚ್ಚಿ ಹೊಲಿದುಕೊಟ್ಟೆ. ಅಂಗಿಯ ಕಾಲರಿನೊಳಗೆ ಜಪಸರ ಹಾಕಿಕೊಂಡು, ಕೈಯಲ್ಲಿ ಲಾಠಿ ಹಿಡಿದು ಹೊರಟರೆ ಪೊಲೀಸಿನವನೋ ಪಾದ್ರಿಯೋ ಎಂದು ಹೇಳಲಾಗುತ್ತಿರಲಿಲ್ಲ.

ಆ ಫ್ಯಾಕ್ಟರಿಯ ಬಾಯ್ಲರ್ ನೋಡಿಕೊಳ್ಳಲು ಎಬಿನೇಜರ್ ಅಂತ ಒಬ್ಬ ಬಂದ. ಕೆಜಿಎಫ್ ಕಡೆಯವನು. ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಬಂದವನು. ಅವನೂ ಕ್ರೈಸ್ತನೇ, ಆದರೆ ಬೇರೆ ಸಭೆ. ಹಾರೋಹಳ್ಳಿಯಲ್ಲಿ ತಗಡಿನ ಶೆಡ್ಡಿನೊಳಗೆ ಚಪ್ಪಾಳೆ ತಟ್ಟಿ ಹಾಡುವ ಪೈಕಿ. ಬೈಬಲ್ಲು ಅವನ ಬಾಯಲ್ಲಿತ್ತು. ಇನ್ನಾಸಣ್ಣನಿಗೂ ಮನೆಯಲ್ಲಿ ಒಂದು ಬೈಬಲ್ಲಿತ್ತು, ಮದುವೆಯಲ್ಲಿ ಕೊಟ್ಟದ್ದು, ಬಿಚ್ಚದ ಹೊಸ ಸೀರೆಯ ಹಾಗೆ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿತ್ತು.

ಮೊದಲ ದಿನ ಊಟದ ಹೊತ್ತಿಗೇ ಎಬಿನೇಜರ್ ಶುರು ಮಾಡಿದನಂತೆ. "ಅಣ್ಣೋ, ಪಾಪನಿವೇದನೆ ಅಂತ ಫಾದರ್ ಕಿವಿಯಲ್ಲಿ ಪಾಪ ಎಲ್ಲ ಹೇಳ್ತೀರಲ್ಲ, ಅದು ಬೈಬಲ್‌ನಲ್ಲಿ ಎಲ್ಲಿದೆ ತೋರ್ಸಿ ನೋಡೋಣ."

"ಎಲ್ಲೈತೆ ಅಂದ್ರೆ? ನಮ್ಮಪ್ಪ ಮಾಡ್ದ, ನಮ್ಮ ತಾತ ಮಾಡ್ದ."

"ತಾತ ಮಾಡಿದ್ದು ಸರಿ. ಬರೆದಿದೆಯಾ?"

ಆ ಭಾನುವಾರ ಪೂಜೆ ಮುಗಿದದ್ದೇ ಇನ್ನಾಸಣ್ಣ ಫಾದರ್ ಪಾಸ್ಕಲರ ಹಿಂದೆ ಬಿದ್ದ. ಅವರು ಕೊಳ್ಳೇಗಾಲದ ಕಡೆಯ ಹುಡುಗ ಫಾದರು, ನಗುಮುಖದವರು. ಇಷ್ಟು ವರ್ಷಕ್ಕೆ ಊರಿನಲ್ಲೊಬ್ಬ ಬೈಬಲ್ ಕೇಳಿಕೊಂಡು ಬಂದನಲ್ಲಾ ಎಂದು ಅವರಿಗೆ ಹಿಗ್ಗೋ ಹಿಗ್ಗು. ಯೇಸು ಸತ್ತು ಎದ್ದ ಮೇಲೆ ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪ ಕ್ಷಮಿಸುತ್ತೀರೋ ಅವರಿಗೆ ಕ್ಷಮೆಯಾಯಿತು ಎಂದದ್ದನ್ನು ತೋರಿಸಿಕೊಟ್ಟರು. ಇನ್ನಾಸಣ್ಣ ಅದನ್ನು ಬಾಯಿಪಾಠ ಮಾಡಿಕೊಂಡು ಸೋಮವಾರ ಗೇಟಿಗೆ ಹೋದ. ಎಬಿನೇಜರ್ ಅದಕ್ಕೆ ಸರಿ ಅಂದು ಇನ್ನೊಂದನ್ನು ಕೇಳಿದ. ಹೀಗೆ ವಾರವಾರವೂ ಒಂದೊಂದು. ಕಡೆಯ ಊಟದಲ್ಲಿ ರೊಟ್ಟಿ ಮುರಿದು ಇದು ನನ್ನ ಶರೀರ ಅಂದದ್ದು, ಕಾನಾ ಊರಿನ ಮದುವೆ ಮನೆಯಲ್ಲಿ ನೀರು ದ್ರಾಕ್ಷಾರಸವಾದದ್ದು, ಇನ್ನಾಸಣ್ಣ ಬಾಯಿಪಾಠ ಮಾಡುತ್ತಿದ್ದದ್ದೆಲ್ಲ ಎದುರು ಮನೆಯ ಕೊಟ್ಟಿಗೆಯಿಂದ ಹಾಲು ಕರೆಯುವ ಸದ್ದಿನ ಜೊತೆಗೆ ನನಗೆ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಬೀರಪ್ಪನ ಪಟದ ಕೆಳಗೆ ಕೂತು ನಾನೇ ಅರ್ಧ ಬೈಬಲ್ ಕಲಿತೆ.

ಬುದ್ಧಿ ಬರದ ಕೂಸುಗಳಿಗೆ ಯಾಕೆ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಮಾಡಿಸುತ್ತೀರಿ ಎಂದು ಎಬಿನೇಜರ್ ಕೇಳಿದ ವಾರವಂತೂ ಇನ್ನಾಸಣ್ಣನಿಗೆ ಹಬ್ಬ. ಪೌಲರನ್ನು ಕೂಡಿಹಾಕಿದ್ದ ಸೆರೆಮನೆಯ ಕಾವಲುಗಾರ ತನ್ನ ಮನೆಮಂದಿಯೊಂದಿಗೆ ಜ್ಞಾನಸ್ನಾನ ಪಡೆದ ಕಥೆಯನ್ನು ಫಾದರು ಹೇಳಿಕೊಟ್ಟಿದ್ದರು.

"ಅವ್ನೂ ನನ್ನಂಗೆ ವಾಚ್‌ಮನ್ನೇ ಕಣ್ಲಾ," ಅಂದನಂತೆ ಇನ್ನಾಸಣ್ಣ. "ಮನೆಮಂದಿಗೆಲ್ಲ ಆಯ್ತು ಅಂತ ಬರ್ದೈತೆ. ಮನೆಮಂದಿ ಅಂದ್ಮೇಲೆ ಅದ್ರೊಳಗೆ ಕೂಸು ಇರಕಿಲ್ವಾ?"

"ಕೂಸು ಇತ್ತು ಅಂತ ಬರೆದಿಲ್ಲವಲ್ಲ ಅಣ್ಣಾ."

"ಇರ್ಲಿಲ್ಲ ಅಂತ್ಲೂ ಬರ್ದಿಲ್ವಲ್ಲೋ!"

ಈ ಜಗಳ ಎಷ್ಟು ರುಚಿ ಹತ್ತಿತೆಂದರೆ ಇಬ್ಬರೂ ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಉಣ್ಣುವಷ್ಟು ಸ್ನೇಹಿತರಾದರು. ಆದರೆ ಒಂದು ದಿನ ಎಬಿನೇಜರ್, "ಕಾಯಿಲೆಯವರಿಗೆ ಎಣ್ಣೆ ಹಚ್ತೀರಲ್ಲ, ಅದು ಎಲ್ಲಿದೆ?" ಅಂದ. ಇನ್ನಾಸಣ್ಣ ಕೈ ತೊಳೆದು ಎದ್ದುಬಿಟ್ಟ. "ಅದೊಂದು ಬುಟ್ಟು ಇನ್ನೇನಾರ ಕೇಳ್ಲಾ" ಅಂದನಂತೆ. ಆ ಭಾನುವಾರ ಫಾದರ ಹತ್ತಿರ ಹೋಗಲೇ ಇಲ್ಲ.

ಅದೇ ಸಮಯಕ್ಕೆ ಅವನ ಹೆಂಡತಿ ಆರೋಗ್ಯಕ್ಕನಿಗೆ ಹೊಟ್ಟೆನೋವು ಜೋರಾಯಿತು. ಗರ್ಭಕೋಶದಲ್ಲಿ ಗೆಡ್ಡೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದಾಗ, ತಡ ಮಾಡಬೇಡಿ, ಈ ತಿಂಗಳೇ ಆಪರೇಷನ್ ಆಗಬೇಕು ಎಂದು ಲೇಡಿ ಡಾಕ್ಟರು ದಿನ ಗೊತ್ತು ಮಾಡಿದರು. ಮುಂದೆ ಗುಂಡಿ ಇರುವ ನೈಟಿ ಹೊಲಿಸಲು ಆರೋಗ್ಯಕ್ಕ ನನ್ನ ಹತ್ತಿರ ಬಂದಳು. ಆರೋಗ್ಯಮ್ಮ ಅಂತ ಹೆಸರಿಟ್ಟುಕೊಂಡು ಕಾಯಿಲೆ ಬೀಳಕ್ಕೆ ನಾಚಿಕೆ ಆಗಲ್ವೇನಕ್ಕ ಎಂದು ರೇಗಿಸಿದೆ. ಅವಳು ನಕ್ಕಳು. ನಕ್ಕು ಹೊಟ್ಟೆ ಹಿಡಿದುಕೊಂಡಳು. ನನಗೆ ಯಾಕಾದರೂ ನಗಿಸಿದೆನೋ ಅನ್ನಿಸಿತು.

"ಆಪರೇಸನ್ನಿಗೆ ಮುಂಚೆ ಸಾಮಿಗಳ್ನ ಕರ್ಸಿ ಎಣ್ಣೆ ಹಚ್ಚುಸ್ಕಬೇಕು ಅಂತಿವ್ನಿ ಕುಸ್ಮಾ," ಅಂದಳು. "ಇವ್ರು ಬ್ಯಾಡ ಅಂತವ್ರೆ. ಆ ಮಾತೆತ್ತಿದ್ರೆ ಮುಖ ಸುಟ್ಕತ್ತರೆ."

ಆ ಸಂಜೆಯೇ ಎದುರು ಮನೆಯಿಂದ ಜಗಳ ಕೇಳಿಸಿತು. ಮಿಷನ್ನಿನ ಪೆಡಲು ನಿಲ್ಲಿಸಿ ಕಿವಿಗೊಟ್ಟೆ. ನಿಲ್ಲಿಸದಿದ್ದರೂ ಕೇಳಿಸುತ್ತಿತ್ತು.

"ಎಣ್ಣೆ ಹಚ್ಚುಸ್ಕಳದೆ ನಾನು ಆಪರೇಸನ್ನಿಗೆ ಬರಕಿಲ್ಲ," ಅಂದಳು ಆರೋಗ್ಯಕ್ಕ.

"ಎಣ್ಣೆ ಹಚ್ಚುಸ್ಕಂಡ್ರೆ ಆಪರೇಸನ್ನೇ ಬೇಕಾಗಕಿಲ್ಲ ಕಣೇ!" ಎಂದು ಇನ್ನಾಸಣ್ಣ ಕಿರುಚಿದ.

ನಮ್ಮ ಯಜಮಾನರು ಬೀರೇಶ್ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಆರೋಗ್ಯಕ್ಕ ಒಂದು ಮಾತು ಹೇಳಿದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಎಣ್ಣೆ ಇಲ್ಲದಿದ್ದರೆ ಅವಳು ಬಸ್ಸು ಹತ್ತುವುದಿಲ್ಲ. ಬಸ್ಸು ಹತ್ತದಿದ್ದರೆ ಗೆಡ್ಡೆ ಅವಳನ್ನು ಬಿಡುವುದಿಲ್ಲ. ಎಣ್ಣೆ ತರಿಸಿದರೆ ಹೆಂಡತಿಯನ್ನು ತಾನೇ ಕೈಯಾರೆ ಕೊಂದ ಹಾಗೆ ಎಂದು ಇನ್ನಾಸಣ್ಣ ನಂಬಿದ್ದಾನೆ. ಇವರಿಬ್ಬರಿಗೂ ಇದ್ದವಳು ಒಬ್ಬಳೇ ಮಗಳು. ಅವಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟಿತ್ತು, ಆಗ ಹಸಿ ಬಾಣಂತಿ. ಬುದ್ಧಿ ಹೇಳುವವರು ಯಾರು? ಡಾಕ್ಟರು ಕೊಟ್ಟ ದಿನ ಹತ್ತಿರ ಬರುತ್ತಿತ್ತು. ಇನ್ನಾಸಣ್ಣ ಊಟ ಬಿಟ್ಟ, ನಿದ್ದೆ ಬಿಟ್ಟ. ನಾನು ಬಿಗಿ ಮಾಡಿಕೊಟ್ಟಿದ್ದ ಪ್ಯಾಂಟು ಮತ್ತೆ ಸಡಿಲವಾಯಿತು.

ಕೊನೆಗೆ ಫಾದರ ಹತ್ತಿರವೇ ಹೋದ. ಎಣ್ಣೆ ಕೇಳಲು ಅಲ್ಲ, ನೀವೇ ಅವಳಿಗೆ ಬೇಡ ಅಂತ ಹೇಳಿ ಎಂದು ಬೇಡಿಕೊಳ್ಳಲು. ಅಲ್ಲಿ ನಡೆದದ್ದನ್ನು ಫಾದರೇ ಆಮೇಲೆ ನನಗೆ ನಗುತ್ತಾ ಹೇಳಿದರು. ಅವರು ಏನೂ ವಾದ ಮಾಡಲಿಲ್ಲವಂತೆ. ಬೈಬಲ್ ತೆಗೆದು ಕೊನೆಯ ಕಡೆ ಇರುವ ಯಕೋಬರ ಪತ್ರವನ್ನು ಬಿಚ್ಚಿ, ಐದನೇ ಅಧ್ಯಾಯಕ್ಕೆ ಬೆರಳಿಟ್ಟು, ನೀವೇ ಓದಿ ಅಂದರಂತೆ. ಇನ್ನಾಸಣ್ಣ ಅಕ್ಷರ ಕೂಡಿಸಿ ಕೂಡಿಸಿ ಓದಿದ. ನಿಮ್ಮಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಪ್ರಭು ಆ ರೋಗಿಯನ್ನು ಎಬ್ಬಿಸುತ್ತಾನೆ ಎಂದು ಅಲ್ಲಿತ್ತು.

ಇನ್ನಾಸಣ್ಣ ಇನ್ನೊಂದು ಸಲ ಓದಿದ. ಹಾಳೆ ತಿರುಗಿಸಿ ಹಿಂದೆ ನೋಡಿದ, ಮುಂದೆ ನೋಡಿದ. ಸಾರಿನಲ್ಲಿ ಕೂದಲು ಹುಡುಕುವವನ ಹಾಗೆ ಸಾಲುಸಾಲೂ ಹುಡುಕಿದ.

"ಸಾಯೋರಿಗೆ ಅಂತ ಎಲ್ಲೈತೆ ಸಾಮಿ?"

"ಇಲ್ಲ ಇನ್ನಾಸಪ್ಪನವರೇ."

"ಇಲ್ವಾ? ಸರ್ಯಾಗಿ ನೋಡಿ. ಬೇರೆ ಕಡೆ ಇರ್ಬೋದು."

"ಮಾರ್ಕ ಬರೆದದ್ದರಲ್ಲೂ ಇದೆ. ಶಿಷ್ಯರು ಊರೂರು ತಿರುಗಿ ರೋಗಿಗಳಿಗೆ ಎಣ್ಣೆ ಹಚ್ಚಿ ವಾಸಿ ಮಾಡಿದರು ಅಂತ. ಅಲ್ಲೂ ಸಾಯುವವರಿಗೆ ಅಂತ ಇಲ್ಲ."

ಅಷ್ಟು ಕೇಳಿದ್ದೇ ಇನ್ನಾಸಣ್ಣನಿಗೆ ಎಲ್ಲಿಲ್ಲದ ಸಿಟ್ಟು ಬಂತಂತೆ. "ಮತ್ತೆ ನಮ್ಮಪ್ಪ? ನಮ್ಮವ್ವ? ನಮ್ಮಣ್ಣ?" ಎಂದು ಮೇಜು ಗುದ್ದಿದ. ಫಾದರು ಶಾಂತವಾಗಿ, "ನೀವು ನಮ್ಮನ್ನ ಕರೆದದ್ದು ಉಸಿರು ಗಂಟಲಿಗೆ ಬಂದ ಮೇಲೆ. ಯಕೋಬರು ಕಾಯಿಲೆ ಬಿದ್ದರೆ ಕರೆಸಿ ಅಂದರು, ಕಾಯಿಲೆ ಮುಗಿದ ಮೇಲೆ ಅನ್ನಲಿಲ್ಲ. ಎಣ್ಣೆ ಸಾಯಿಸಲಿಲ್ಲ, ನಾವು ತಡವಾಗಿ ಬಂದ್ವಿ" ಅಂದರು. ಇನ್ನಾಸಣ್ಣ ಬೈಬಲ್ಲನ್ನು ಮುಚ್ಚಿಟ್ಟು, ಸರಿ ಬನ್ನಿ ಅಂದ.

ಮಾರನೇ ದಿನ ಎಬಿನೇಜರನ ಮುಂದೆ ಎದೆ ಸೆಟೆಸಿ, "ಬರ್ದೈತೆ ಕಣ್ಲಾ! ಯಕೋಬ, ಐದು!" ಅಂದನಂತೆ. ಎಬಿನೇಜರ್, "ಗೊತ್ತಲ್ಲ ಅಣ್ಣಾ. ನಮ್ಮ ಸಭೆಯಲ್ಲೂ ಹಚ್ತಾರೆ" ಅಂದ. ಇನ್ನಾಸಣ್ಣ ಇಡೀ ದಿನ ಅವನ ಜೊತೆ ಮಾತಾಡಲಿಲ್ಲ.

ಬನ್ನಿ ಎಂದನಾದರೂ ಒಳಗಿನ ಹೆದರಿಕೆ ಹೋಗಿರಲಿಲ್ಲ. ಫಾದರು ಬಿಳಿ ನಿಲುವಂಗಿಯಲ್ಲಿ ಬುಲೆಟ್ ಮೇಲೆ ಬಂದರೆ ಊರಿಗೇ ಗೊತ್ತಾಗುತ್ತದೆ. ಚಪ್ಪರ ಏಳುತ್ತದೆ, ನಮ್ಮತ್ತೆ ಶುರು ಮಾಡುತ್ತಾರೆ. ಅದನ್ನೆಲ್ಲ ಕಂಡರೆ ಗಟ್ಟಿಯಿರುವವಳೂ ಎದೆಯೊಡೆದು ಸಾಯುತ್ತಾಳೆ ಎಂದು ಇನ್ನಾಸಣ್ಣ ಕಟ್ಟುಪಾಡು ಹಾಕಿದ. ಪ್ಯಾಂಟು ಷರ್ಟಿನಲ್ಲಿ ಬರಬೇಕು. ಎಬಿನೇಜರನ ಮೊಪೆಡ್ಡಿನಲ್ಲಿ ಬರಬೇಕು. ತಲೆಗೆ ಹೆಲ್ಮೆಟ್ ಹಾಕಿರಬೇಕು, ಮನೆಯೊಳಗೆ ಬರುವ ತನಕ ತೆಗೆಯಕೂಡದು. ಎಣ್ಣೆಯ ಡಬ್ಬಿಯೂ ಪುಸ್ತಕವೂ ಚರ್ಮದ ಬ್ಯಾಗಿನಲ್ಲಿರಬೇಕು. ಹುಡುಗ ಫಾದರಿಗೆ ಇದೆಲ್ಲ ಬಲು ಖುಷಿಯಾಗಿ ಎಲ್ಲದಕ್ಕೂ ಒಪ್ಪಿದರು.

ಇನ್ನಾಸಣ್ಣ ಎಲ್ಲ ಯೋಚಿಸಿದ್ದ, ಒಂದನ್ನು ಬಿಟ್ಟು. ಆ ವರ್ಷಗಳಲ್ಲಿ ನಮ್ಮೂರಿಗೆ ಹೆಲ್ಮೆಟ್ ಹಾಕಿಕೊಂಡು, ಚರ್ಮದ ಬ್ಯಾಗು ಹಿಡಿದುಕೊಂಡು ಬರುತ್ತಿದ್ದವರು ಒಂದೇ ಜಾತಿಯವರು. ಜಮೀನಿನ ಬ್ರೋಕರುಗಳು.

ಬೆಳಗಿನ ಬಿಸಿಲಿನಲ್ಲಿ ಮೊಪೆಡ್ಡು ಎದುರು ಮನೆಯ ಮುಂದೆ ನಿಂತಿತು. ನಾನು ಮಿಷನ್ನಿನ ಮುಂದಿದ್ದೆ, ನಮ್ಮ ಯಜಮಾನರು ಜಗಲಿಯ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡಿದ್ದರು. ಹೆಲ್ಮೆಟ್ ತೆಗೆಯದೆ ಆಸಾಮಿ ಸರಸರ ಒಳಗೆ ಹೋದ. ಇನ್ನಾಸಣ್ಣ ಆ ಕಡೆ ಈ ಕಡೆ ನೋಡಿ ಬಾಗಿಲು ಎಳೆದುಕೊಂಡ. ಕಳ್ಳತನಕ್ಕೆ ನಿಂತವನೂ ಹಾಗೆ ನೋಡುವುದಿಲ್ಲ.

"ಸೆಕೆಂಡ್ ಫೇಸು!" ಅಂದರು ನಮ್ಮ ಯಜಮಾನರು. ಕೈಗಾರಿಕಾ ಪ್ರದೇಶದ ಎರಡನೇ ಹಂತ ನಮ್ಮೂರಿನ ಕಡೆ ಬರುತ್ತದೆ ಅನ್ನುವ ಮಾತು ಆಗಲೇ ಹಬ್ಬಿತ್ತು. "ಇನ್ನಾಸಣ್ಣ ರಸ್ತೆ ಪಕ್ಕದ ಹೊಲ ಕೊಡ್ತಾವ್ನೆ. ಅದ್ಕೇ ಬಾಗ್ಲು ಹಾಕ್ಕಂಡವ್ನೆ. ಅಪ್ಪಾ, ಪಹಣಿ ತಗಂಡು ಬನ್ನಿ ಬೇಗ!"

ನಮ್ಮ ಮಾವ ಕೆಂಪಯ್ಯನವರು ಕುರಿ ಬಿಡಲು ಹೊರಟವರು ಕೋಲು ಬಿಸಾಕಿ ಪಹಣಿ ತಂದರು. ನಾನು ವಿಷಯ ಗೊತ್ತಿದ್ದವಳು, ಬೇಡಿ, ಹೋಗಬೇಡಿ ಅಂದೆ. ಯಾಕೆ ಅಂತ ಕೇಳಿದರೆ ಹೇಳುವ ಹಾಗಿರಲಿಲ್ಲ, ಆರೋಗ್ಯಕ್ಕ ನನ್ನಿಂದ ಆಣೆ ಇಡಿಸಿಕೊಂಡಿದ್ದಳು. ನಾನು ಬೇಡ ಅಂದದ್ದೇ ತಪ್ಪಾಯಿತು. ಇವಳಿಗೂ ಎಣ್ಣೆ ಹಚ್ಚಿದ್ದಾನೆ ಇನ್ನಾಸ ಎಂದುಕೊಂಡು ನಮ್ಮ ಯಜಮಾನರು ಇನ್ನಷ್ಟು ಜೋರಾಗಿ ಓಡಿದರು. ಅವರ ಹಿಂದೆ ಮಾವ, ಮಾವನ ಹಿಂದೆ ಬೀದಿಯಲ್ಲಿ ಹೋಗುತ್ತಿದ್ದವರು, ಅವರ ಹಿಂದೆ ಏನಾಯಿತೆಂದು ಕೇಳುತ್ತಾ ನಮ್ಮತ್ತೆ, ಎಲ್ಲರ ಹಿಂದೆ ನಾನು. ನಮ್ಮ ಯಜಮಾನರು ಬಾಗಿಲು ದೂಡಿದರು.

"ಸರ್, ನಮ್ದೂ ರೋಡಿಗೇ ಐತೆ..." ಎಂದವರು ಹಾಗೇ ನಿಂತುಬಿಟ್ಟರು.

ಮಂಚದ ಮೇಲೆ ಆರೋಗ್ಯಕ್ಕ ಹೊಸ ಸೀರೆ ಉಟ್ಟು ಕೂತಿದ್ದಳು. ಸ್ಟೂಲಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ. ಫಾದರು ಷರ್ಟಿನ ಮೇಲೆ ಪೂಜೆಯ ನೇರಳೆ ಪಟ್ಟಿಯನ್ನು ಕೊರಳಿಂದ ಇಳಿಬಿಟ್ಟುಕೊಂಡು, ಬೆಳ್ಳಿಯ ಸಣ್ಣ ಡಬ್ಬಿಯ ಮುಚ್ಚಳ ತಿರುಗಿ ಬಿಚ್ಚುತ್ತಿದ್ದರು. ಹೆಲ್ಮೆಟ್ಟು ಮಾತ್ರ ಪಕ್ಕದಲ್ಲಿ ಬೋರಲಾಗಿ ಕೂತಿತ್ತು.

ನಮ್ಮತ್ತೆ ಜನರ ಸಂದಿಯಿಂದ ತಲೆ ತೂರಿಸಿ ಎಣ್ಣೆ ಡಬ್ಬಿ ಕಂಡದ್ದೇ ತಡ, "ಅಯ್ಯೋ ನನ್ನವ್ವಾ, ಆರೋಗ್ಯವ್ವಾ, ಹೋಗ್ಬುಟ್ಯಲ್ಲವ್ವಾ..." ಎಂದು ಎದೆಗೆ ಕೈ ಹಾಕಿದರು. ಬಾಗಿಲಲ್ಲಿ ನಿಂತಿದ್ದವರು ಟವೆಲು ತೆಗೆದು ಬಾಯಿಗಿಟ್ಟುಕೊಂಡರು. ಯಾರೋ ಗಳ ತರಲು ತಿರುಗಿದರು.

"ಮಾಯವ್ವಾ!" ಅಂದಳು ಆರೋಗ್ಯಕ್ಕ ಮಂಚದಿಂದಲೇ. "ನಾನಿನ್ನೂ ಇವ್ನಿ ಕಣವ್ವಾ. ಒಸಿ ತಡೀರಿ."

ನಮ್ಮತ್ತೆ ಅರ್ಧ ರಾಗದಲ್ಲಿ ನಿಂತರು. ಅವರ ಅಷ್ಟು ಒಳ್ಳೆಯ ಅಳುವನ್ನು ಅದುವರೆಗೆ ಯಾರೂ ನಡುವೆ ನಿಲ್ಲಿಸಿರಲಿಲ್ಲ. "ಮತ್ತೆ ಎಣ್ಣೆ ಬಂದೈತಲ್ಲಾ?" ಎಂದು ಮುನಿಸಿನಿಂದ ಕೇಳಿದರು.

ಫಾದರು ನಗು ತಡೆದುಕೊಂಡು ಎಲ್ಲರಿಗೂ ಅರ್ಥವಾಗುವಂತೆ ಹೇಳಿದರು. ಇದು ಸಾಯುವವರ ಎಣ್ಣೆಯಲ್ಲ, ಕಾಯಿಲೆಯವರದು. ಇವರು ಆಪರೇಷನ್ನಿಗೆ ಹೋಗುತ್ತಿದ್ದಾರೆ. ಹಿರಿಯರನ್ನು ಕರೆಸಿ ಅಂತ ಶಾಸ್ತ್ರದಲ್ಲಿದೆ, ಹಿರಿಯರು ಅಂದರೆ ನಮ್ಮಲ್ಲಿ ಗುರುಗಳು ಅಂತ. ಊರಿನ ಹಿರಿಯರು ತಾವಾಗಿಯೇ ಬಂದಿದ್ದೀರಿ, ಇರಿ, ನೀವೂ ಒಳ್ಳೆಯದಾಗಲಿ ಅನ್ನಿ. ನಮ್ಮ ಮಾವ ಪಹಣಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಕೈಮುಗಿದು ನಿಂತರು. ಪ್ರಾರ್ಥನೆ ನಡೆಯಿತು. ಫಾದರು ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ ಅವಳ ಹಣೆಯ ಹತ್ತಿರ ತಂದರು.

ಇನ್ನಾಸಣ್ಣ ಅವರ ಮಣಿಕಟ್ಟನ್ನು ಹಿಡಿದುಕೊಂಡುಬಿಟ್ಟ.

"ಬ್ಯಾಡ ಸಾಮಿ," ಅಂದ. "ಓದ್ದೆ. ಬರ್ದೈತೆ. ಎಲ್ಲ ಒಪ್ತೀನಿ. ಆದ್ರೂ ಬ್ಯಾಡ. ನಾನು ಕರ್ಕಂಡೋದ ಒಂದು ಮನೆಲೂ ಒಬ್ರೂ ಉಳೀನಿಲ್ಲ ಸಾಮಿ. ಇವ್ಳೂ ಹೋದ್ರೆ ನಾನೇನ್ ಮಾಡ್ಲಿ?"

ಗೇಟಿನಲ್ಲಿ ಲಾರಿಗಳನ್ನು ಗದರಿಸಿ ನಿಲ್ಲಿಸುತ್ತಿದ್ದ ಮನುಷ್ಯ ಅವನು. ಹೆಂಡತಿಯ ಮೇಲೆ ಅಷ್ಟು ಪ್ರೀತಿಯಿತ್ತೆಂದು ಇಪ್ಪತ್ತು ವರ್ಷದಿಂದ ಎದುರು ಮನೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆರೋಗ್ಯಕ್ಕ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. "ಬುಡಿ," ಅಂದಳು. "ನಾನೇನು ಸಾಯಕ್ಕೆ ಕೇಳ್ತಿವ್ನಾ? ಬದುಕಕ್ಕೆ ಕೇಳ್ತಾ ಇವ್ನಿ. ಆ ರೂಮೊಳಕ್ಕೆ ನೀವು ಬರಂಗಿಲ್ಲ, ಮಗಳು ಬರಂಗಿಲ್ಲ, ನಾನೊಬ್ಳೇ ಹೋಗ್ಬೇಕು. ದೇವ್ರು ಜೊತೆಗವ್ನೆ ಅಂತ ಮೈಮೇಲೆ ಒಂದು ಗುರ್ತಿರ್ಲಿ. ಬುಡಿ."

ಅವನು ಬಿಟ್ಟ. ಫಾದರು ಹಣೆಗೆ ಶಿಲುಬೆ ಎಳೆದರು, ಎರಡೂ ಅಂಗೈಗೆ ಹಚ್ಚಿದರು. ಇನ್ನಾಸಣ್ಣ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ, ಈಗ ಬಿದ್ದಳು, ಈಗ ಬಿದ್ದಳು ಅನ್ನುವ ಹಾಗೆ. ಅವಳು ಬೀಳಲಿಲ್ಲ. ಎದ್ದು, ಬಂದವರಿಗೆಲ್ಲ ಕಾಫಿಗೆ ನೀರಿಡಲು ಹೊರಟಳು. ನಾನು ಹಿಡಿದು ಕೂರಿಸಿದೆ. ನಮ್ಮ ಮಾವ ಹೊರಡುವಾಗ, "ಅದಿರ್ಲಿ ಸಾಮಿ, ಸೆಕೆಂಡ್ ಫೇಸು ಬತ್ತದಂತಾ?" ಎಂದು ಫಾದರನ್ನೇ ಕೇಳಿದರು.

ಗೊತ್ತಾದ ದಿನ ಬೆಂಗಳೂರಿಗೆ ಹೊರಟೆವು. ಇನ್ನಾಸಣ್ಣ, ಆರೋಗ್ಯಕ್ಕ, ಜೊತೆಗೆ ನಾನು. ನಮ್ಮತ್ತೆಯನ್ನು ಯಾರೂ ಕರೆದಿರಲಿಲ್ಲ. ಅಳು ನಿಲ್ಲಿಸಿದ ಮುನಿಸು ಇನ್ನೂ ಇದ್ದರೂ ಬಸ್ಸಿನ ಮುಂದಿನ ಸೀಟಿನಲ್ಲಿ ಅವರೇ ಮೊದಲು ಕೂತಿದ್ದರು. ಆಸ್ಪತ್ರೆಯಲ್ಲಿ ಆರೋಗ್ಯಕ್ಕನಿಗೆ ಹಸಿರು ಬಟ್ಟೆ ತೊಡಿಸಿದರು. ನರ್ಸಮ್ಮ ಸ್ಪಿರಿಟ್ಟು ಹಾಕಿದ ಹತ್ತಿಯಲ್ಲಿ ಅವಳ ಕೈ ಉಜ್ಜತೊಡಗಿದಾಗ ಇನ್ನಾಸಣ್ಣ, "ಅಮ್ಮಾ, ಅಂಗೈ ಒಂದು ಬುಟ್ಬುಡಿ" ಎಂದು ಅಡ್ಡ ಬಂದ. "ಅದು ಆವತ್ತೇ ಒಳಕ್ಕೆ ಹೋಗೈತೆ, ಸುಮ್ಕಿರಿ" ಅಂದಳು ಆರೋಗ್ಯಕ್ಕ. ಅವಳನ್ನು ಮಲಗಿಸಿಕೊಂಡು ಬಾಗಿಲ ಆಚೆ ಹೋದರು.

ನಾವು ಕಾದೆವು. ಇನ್ನಾಸಣ್ಣ ಜಪಸರವನ್ನು ಕಾಲರಿನಿಂದ ಹೊರಗೆ ತೆಗೆದು ತಿರುಗಿಸುತ್ತಲೇ ಇದ್ದ. ನಮ್ಮತ್ತೆ ಎಲೆಅಡಿಕೆ ಹಾಕಿಕೊಳ್ಳುವುದನ್ನೂ ಬಿಟ್ಟು ಬಾಗಿಲನ್ನೇ ನೋಡುತ್ತಿದ್ದರು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ಕೊನೆಗೂ ಲೇಡಿ ಡಾಕ್ಟರು ಮುಖದ ಬಟ್ಟೆ ಇಳಿಸಿಕೊಳ್ಳುತ್ತಾ ಹೊರಗೆ ಬಂದರು.

"ಚೆನ್ನಾಗಿದ್ದಾರೆ. ಪೂರ್ತಿ ತೆಗೆದಿದ್ದೀವಿ," ಅಂದರು. "ಇನ್ನೊಂದೆರಡು ತಿಂಗಳು ಬಿಟ್ಟಿದ್ರೆ ನಮ್ಮ ಕೈಯಲ್ಲೂ ಆಗ್ತಿರಲಿಲ್ಲ. ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ ಯಜಮಾನ್ರೇ."

ಆ ಮಾತನ್ನು ಇನ್ನಾಸಣ್ಣನಿಗೆ ಅವನ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಅವನು ಡಾಕ್ಟರ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಹೊಟ್ಟೆಯ ತಳದಿಂದ ಅಳು ಬಂತು. ಅಪ್ಪನಿಗೆ, ಅವ್ವನಿಗೆ, ಅಣ್ಣನಿಗೆ, ಅವನು ತಡವಾಗಿ ತಲುಪಿದ ಎಲ್ಲ ಮನೆಗಳಿಗೂ ಅಳದೆ ಉಳಿಸಿಕೊಂಡಿದ್ದ ಅಳು. ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತ. ನನ್ನ ಪಕ್ಕದಲ್ಲಿದ್ದ ನಮ್ಮತ್ತೆಗೆ ಡಾಕ್ಟರ ಮಾತು ಕೇಳಿಸಿರಲಿಲ್ಲ, ಅವನ ಅಳು ಕೇಳಿಸಿತು. "ಅಯ್ಯೋ ನನ್ನವ್ವಾ, ಆರೋಗ್ಯವ್ವಾ!" ಎಂದು ಈ ಸಲ ಯಾರೂ ನಿಲ್ಲಿಸಲಾಗದಂತೆ ಎಳೆದರು. ವಾರ್ಡಿನವರೆಲ್ಲ ಹೊರಗೆ ಬಂದರು. ಗುರುತಿಲ್ಲದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೋ ಒಬ್ಬರು ಇನ್ನಾಸಣ್ಣನ ಭುಜ ತಟ್ಟಿ, ಇಷ್ಟೇ ಋಣ, ಸಮಾಧಾನ ಮಾಡ್ಕೊಳ್ಳಿ ಅಂದರು. ಅವನು ಅಲ್ಲ, ಅಲ್ಲ ಎಂದು ತಲೆಯಾಡಿಸುತ್ತಾ ಇನ್ನೂ ಜೋರಾಗಿ ಅತ್ತ. ಡಾಕ್ಟರು ಇವರಿಗೆ ಏನು ಹೇಳಿಬಿಟ್ಟೆನೋ ಎಂದು ಗಾಬರಿಯಾಗಿ ನಿಂತಿದ್ದರು.

ನಾನು ನರ್ಸಮ್ಮನನ್ನು ಕೇಳಿಕೊಂಡು ಒಳಗೆ ಹೋದೆ. ಆರೋಗ್ಯಕ್ಕನಿಗೆ ಆಗಷ್ಟೇ ಎಚ್ಚರವಾಗುತ್ತಿತ್ತು. ಹೊರಗಿನ ಗೋಳು ಬಾಗಿಲು ದಾಟಿ ಒಳಗೂ ಬರುತ್ತಿತ್ತು. ಅವಳು ಅರ್ಧ ಕಣ್ಣು ತೆರೆದು ಒಣಗಿದ ತುಟಿಯಲ್ಲಿ ಕೇಳಿದಳು.

"ಯಾರು ಹೋದ್ರು ಕುಸ್ಮಾ?"

"ಯಾರೂ ಹೋಗಿಲ್ಲ ಕಣಕ್ಕ," ಅಂದೆ. "ನಿಮ್ಮ ಯಜಮಾನ್ರು ಸಂತೋಷ ಪಡ್ತಾವ್ರೆ."